ನೆಲವು ಮತ್ತು ಸಿಕ್ಕ: ಎರಡೂ ಒಂದೇನಾ?

ಎಲ್ಲರಿಗೂ ನಮಸ್ಕಾರ.

ಅಡುಗೆಮನೆಯ ತೊಲೆಯಿಂದ ಹಗ್ಗದಲ್ಲಿ ಇಳಿಬಿಟ್ಟು, ಅದರ ಮೇಲೆ ಹಾಲು, ಮೊಸರು, ಬೆಣ್ಣೆಯ ಗಡಿಗೆ ಇಡುತ್ತಿದ್ದರಲ್ಲ, ಅದಕ್ಕೆ ನಿಮ್ಮ ಮನೆಯಲ್ಲಿ ಏನು ಹೇಳುತ್ತಿದ್ದರು? ನೆಲವು ಅಂತಲೋ, ಸಿಕ್ಕ ಅಂತಲೋ? ಎರಡೂ ಮಾತು ನಿಮ್ಮ ಊರಲ್ಲಿ ಇದ್ದರೆ ಎರಡಕ್ಕೂ ಒಂದೇ ಅರ್ಥವಾ, ಬಳಕೆಯಲ್ಲಿ ಏನಾದರೂ ಫರಕು ಇದೆಯಾ?

ಕೇಳಲು ಕಾರಣ ಒಂದು ಆಟ. ನಾವೊಂದಿಷ್ಟು ಜನ ಕುಮಟೆಯಲ್ಲಿ ಒಟ್ಟಿಗೆ ಓದಿದವರು. ಈಗ ಒಬ್ಬಳು ಶಿರಸಿಯಲ್ಲಿ, ಒಬ್ಬ ಕಾರವಾರದಲ್ಲಿ, ಇನ್ನೊಬ್ಬ ಭಟ್ಕಳದಲ್ಲಿ ಇದ್ದಾರೆ. ಉಳಿದವರು ಬೆಂಗಳೂರು ಸೇರಿದ್ದಾರೆ. ಭಾನುವಾರ ಸಂಜೆ ವಾಟ್ಸಾಪಿನಲ್ಲಿ ಸೇರಿ ಆಡುತ್ತೇವೆ. ಒಬ್ಬರು ಯಾವುದಾದರೂ ಹಳೆಯ ಸಾಮಾನಿನ ಫೋಟೋ ಹಾಕಬೇಕು. ಉಳಿದವರು ಪ್ರಶ್ನೆ ಕೇಳುತ್ತಾ ಹೋಗಬೇಕು. ಫೋಟೋ ಹಾಕಿದವರು ಹೌದು ಅಥವಾ ಅಲ್ಲ ಅಂತ ಮಾತ್ರ ಹೇಳಬಹುದು. ಇಪ್ಪತ್ತು ಪ್ರಶ್ನೆಯೊಳಗೆ ವಸ್ತುವಿನ ಹೆಸರು ಹೇಳಿದವರಿಗೆ ಅಂಕ.

ಇಪ್ಪತ್ತು ಪ್ರಶ್ನೆ ಕಡಿಮೆಯಾಯಿತು ಅಂತ ಮೊದಲು ಎಲ್ಲರಿಗೂ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಕಡಿಮೆ ಅಲ್ಲ. ಪ್ರತಿ ಪ್ರಶ್ನೆಯೂ ಉಳಿದ ವಸ್ತುಗಳನ್ನು ಸರಿಯಾಗಿ ಎರಡು ಪಾಲು ಮಾಡಿದರೆ, ಇಪ್ಪತ್ತು ಪ್ರಶ್ನೆಯಲ್ಲಿ 10,48,576 ವಸ್ತುಗಳ ನಡುವಿನಿಂದ ಒಂದನ್ನು ಹೆಕ್ಕಬಹುದು. ಹಾಗಾಗಿ ಈ ಆಟದಲ್ಲಿ ಸೋಲುವುದು ಪ್ರಶ್ನೆ ಸಾಲದೆ ಅಲ್ಲ. ಒಂದು ತಪ್ಪು ಉತ್ತರ ಬಂದರೆ ಸಾಕು, ಸರಿಯಾದ ವಸ್ತುವೇ ಆಚೆ ಪಾಲಿಗೆ ಹೋಗಿಬಿಡುತ್ತದೆ. ನಮ್ಮ ಜಗಳ ಹುಟ್ಟಿದ್ದೇ ಅಂಥ ಒಂದು ಉತ್ತರದಿಂದ.

ಇದನ್ನು ಒಗಟು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಒಗಟಿನಲ್ಲಿ ವಸ್ತು ವೇಷ ಹಾಕಿಕೊಂಡು ಬರುತ್ತದೆ. ಮೂರು ಕಣ್ಣುಂಟು, ಶಿವನಲ್ಲ ಅಂದರೆ ತೆಂಗಿನಕಾಯಿ. ಕಾಯಿ ಎಲ್ಲರಿಗೂ ಗೊತ್ತು, ವೇಷ ಕಳಚಿದರೆ ಆಯಿತು. ಇಲ್ಲಿ ವಸ್ತು ವೇಷವಿಲ್ಲದೆ ಕಣ್ಣೆದುರೇ ಬಿದ್ದಿರುತ್ತದೆ. ನಮಗೆ ಅದರ ಕೆಲಸ ಮರೆತಿದೆ, ಹೆಸರು ಮರೆತಿದೆ. ಹುಡುಕುವುದು ಅವೆರಡನ್ನು.

ಆಡುತ್ತಾ ಆಡುತ್ತಾ ನಮಗೆ ಒಂದು ವಿಷಯ ಗೊತ್ತಾಯಿತು. ಮನೆಯ ಸಾಮಾನುಗಳ ಹೆಸರಲ್ಲೇ ಅವುಗಳ ಕೆಲಸ ಇರುತ್ತದೆ. ಹೆರೆಯುವುದು ಹೆರೆಮಣೆ. ಕಡೆಯುವುದು ಕಡಗೋಲು. ಅಡಕೆ ಕತ್ತರಿಸುವುದು ಅಡಕತ್ತರಿ. ಕಾಲಲ್ಲಿ ಮೆಟ್ಟಿಕೊಂಡು ತರಕಾರಿ ಹೆಚ್ಚುವುದು ಮೆಟ್ಟುಗತ್ತಿ. ಅದನ್ನೇ ಬೇರೆ ಕಡೆಯವರು ಈಳಿಗೆಮಣೆ ಅನ್ನುತ್ತಾರೆ, ಅಲ್ಲಿ ಈಳುವುದು ಅಂದರೆ ಸೀಳುವುದು. ಒಬ್ಬರು ಕಾಲು ನೋಡಿ ಹೆಸರಿಟ್ಟರು, ಇನ್ನೊಬ್ಬರು ಅಲಗು ನೋಡಿ ಹೆಸರಿಟ್ಟರು. ಎಷ್ಟು ಚೆನ್ನಾಗಿದೆ ಅಲ್ವಾ? ಇಂಥ ಸಾಮಾನು ಬಂದಾಗ ಯಾರಾದರೂ "ಕಡೆಯೋದಕ್ಕಾ?" ಅಂತ ಕೇಳಿದರೆ ಆಟ ಅಲ್ಲಿಗೇ ಮುಗಿಯುತ್ತದೆ. ಕೆಲಸ ಗೊತ್ತಾದ ಹೊತ್ತಿಗೆ ಹೆಸರೂ ಬಾಯಿಗೆ ಬಂದಿರುತ್ತದೆ.

ಶಿರಸಿಯ ಗೆಳತಿ ಹಾಕಿದ ಫೋಟೋ ಹಾಗೆ ಬಿಟ್ಟುಕೊಡಲಿಲ್ಲ. ಅವಳ ತವರುಮನೆಯ ಅಟ್ಟ ಸ್ವಚ್ಛ ಮಾಡುವಾಗ ಸಿಕ್ಕ ಸಾಮಾನು ಅದು. ನೆಲದ ಮೇಲೆ ಒಂದು ಹಗ್ಗದ ರಾಶಿ. ತೆಂಗಿನ ಕತ್ತದ ಹಗ್ಗ, ಹೊಗೆ ಹಿಡಿದು ಕಪ್ಪಾಗಿದೆ. ಒಂದು ಕಡೆ ಬಳೆಯ ಹಾಗೆ ಸುತ್ತಿ ಹೆಣೆದದ್ದು, ಇನ್ನೊಂದು ಕಡೆ ಒಂದು ಕುಣಿಕೆ, ನಡುವೆ ಮೂರು ಎಳೆ. ಅಷ್ಟೇ.

ಕಾರವಾರದವನ ಮನೆ ಬೈತಖೋಲ ಬಂದರಿನ ಹತ್ತಿರ. ಹಗ್ಗ, ಗಂಟು ಕಂಡ ಕೂಡಲೇ ಅವನಿಗೆ ದೋಣಿ, ರಂಪಣಿ ಬಲೆ ಇವೇ ನೆನಪಾಗುತ್ತವೆ. "ನೀರಿಗೆ ಇಳಿಸ್ತಾರಾ?" ಅಂದ. ಅಲ್ಲ. ಬೆಂಗಳೂರಿನವನೊಬ್ಬ ಎತ್ತಿನ ಬಾಯಿಕುಕ್ಕೆ ಅಂದುಕೊಂಡು "ದನಕ್ಕೆ ಕಟ್ಟೋದಾ?" ಅಂದ. ಅಲ್ಲ. ಕೊನೆಗೌಡರು ಅಡಕೆ ಮರ ಹತ್ತುವಾಗ ಕಾಲಿಗೆ ಹಾಕಿಕೊಳ್ಳುವ ಬಳ್ಳಿ ಇರಬಹುದಾ ಅಂತ ನನಗೆ ಅನ್ನಿಸಿತ್ತು. ಆದರೆ ಹೊಗೆಯ ಬಣ್ಣ ನೋಡಿ "ಅಡುಗೆಮನೆಯದಾ?" ಅಂತ ಕೇಳಿದೆ. ಹೌದು. "ಕೈಯಲ್ಲಿ ಹಿಡಿದು ಕೆಲಸ ಮಾಡ್ತಾರಾ?" ಅಲ್ಲ.

ಆಮೇಲೆ ಭಟ್ಕಳದ ಗೆಳೆಯ ಕೇಳಿದ: "ಭಾರ ತಡೆಯೋದಕ್ಕಾ?" ಹೌದು. ಅವನೇ ಮತ್ತೆ ಕೇಳಿದ: "ಇದನ್ನು ಹೊತ್ಕೊಂಡು ಹೋಗೋದೂ ಉಂಟಾ?" ಇಲ್ಲ ಅಂದಳು. ಅವನು ಸುಮ್ಮನಾದ. ಪ್ರಶ್ನೆಗಳು ಮುಗಿಯುತ್ತಾ ಬಂದವು. ಗೆಳತಿಗೆ ನಮ್ಮ ಮೇಲೆ ಕನಿಕರ ಬಂದು ಒಂದು ಸುಳಿವು ಕೊಟ್ಟಳು: "ಹೆಸರಲ್ಲಿ ನೆಲ ಇದೆ, ನೆಲ ಮುಟ್ಟೋದಿಲ್ಲ." ಈ ಸಾಲನ್ನು ಅವಳೇ ಕಟ್ಟಿದ್ದು. ಹಳೆಯ ಒಗಟುಗಳ ಸಾಲಿನಲ್ಲಿ ಕೂರಿಸಬಹುದಾದಷ್ಟು ಚೆಂದ ಇದೆ. ನಾನು ನೆಲವು ಅಂತ ಬರೆದೆ. ಅದೇ ಹೊತ್ತಿಗೆ ಭಟ್ಕಳದವನೂ ಬರೆದ: "ಸಿಕ್ಕ. ಮೊದಲೇ ಅಂದ್ಕೊಂಡಿದ್ದೆ. ಹೊತ್ಕೊಂಡು ಹೋಗೋದಿಲ್ಲ ಅಂದ್ಯಲ್ಲ ಮಾರಾಯ್ತಿ, ಅದಕ್ಕೇ ಬಿಟ್ಟೆ."

ಅವನ ವಾದ ಹೀಗಿದೆ. ಅವನ ಅಜ್ಜ ಕಾವಡಿಯಲ್ಲಿ ನೀರಿನ ಕೊಡ ಹೊತ್ತು ತರುತ್ತಿದ್ದರು. ಕಾವಡಿಯ ಎರಡು ತುದಿಗೆ ಇಳಿಬಿಟ್ಟ ಹಗ್ಗದ ಹೆಣಿಗೆಗೂ ಮನೆಯಲ್ಲಿ ಸಿಕ್ಕ ಅಂತಲೇ ಹೇಳುತ್ತಿದ್ದರು. ಅಡುಗೆಮನೆಯಲ್ಲಿ ನೇತಾಡುವುದಕ್ಕೂ ಸಿಕ್ಕ ಅನ್ನುತ್ತಿದ್ದರು. ಹೆಣೆಯುವ ರೀತಿ ಒಂದೇ, ಹೆಸರೂ ಒಂದೇ. ಹಾಗಿರುವಾಗ ಇಲ್ಲ ಅನ್ನುವ ಉತ್ತರ ತಪ್ಪು, ತನಗೆ ಅಂಕ ಬರಬೇಕು ಅಂತ. ಶಿರಸಿಯ ಗೆಳತಿ ಒಪ್ಪಲಿಲ್ಲ. "ನೆಲವನ್ನು ಯಾರೂ ಹೊತ್ಕೊಂಡು ತಿರುಗೋದಿಲ್ಲ. ಕಾವಡಿಯ ಹಗ್ಗಕ್ಕೆ ನಾವು ನೆಲವು ಅನ್ನೋದೇ ಇಲ್ಲ" ಅಂದಳು. ಇಬ್ಬರೂ ತಮ್ಮ ಮನೆಮಾತನ್ನೇ ಹೇಳುತ್ತಿದ್ದಾರೆ, ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಆಮೇಲೆ ನಾನು ಈ ಎರಡು ಮಾತುಗಳ ಹಿಂದೆ ಬಿದ್ದೆ.

ಸಿಕ್ಕದ ದಾರಿ ಸುಲಭ. ಸಂಸ್ಕೃತದ ಶಿಕ್ಯ ನಮ್ಮಲ್ಲಿ ಸಿಕ್ಕ ಆಗಿದೆ. ಶಶಿ ಸಸಿ ಆದ ಹಾಗೆ ಮೊದಲ ಶಕಾರ ಸಕಾರ ಆಗಿದೆ. ಗೋಜಲು ಅನ್ನುವ ಅರ್ಥದ ಸಿಕ್ಕು ಮಾತಿಗೂ ಇದಕ್ಕೂ ನಂಟಿಲ್ಲ. ಆ ಫೋಟೋದ ಹಗ್ಗ ಸಿಕ್ಕಾಗಿ ಬಿದ್ದಿದ್ದರಿಂದ ನಮ್ಮಲ್ಲಿ ಒಬ್ಬರು ಎರಡನ್ನೂ ಜೋಡಿಸಿದ್ದರು, ಅದಕ್ಕೇ ಹೇಳಿದೆ. ಸಿಕ್ಕು ಅಚ್ಚಗನ್ನಡದ್ದು. ಶಿಕ್ಯದ ಸಂತತಿ ಸುತ್ತಮುತ್ತಲ ಭಾಷೆಗಳಲ್ಲೂ ಇದೆ. ಮರಾಠಿಯಲ್ಲಿ ಶಿಂಕೆ, ಹಿಂದಿಯಲ್ಲಿ ಛೀಂಕಾ. ಬೆಕ್ಕಿನ ಅದೃಷ್ಟಕ್ಕೆ ಛೀಂಕಾ ಹರಿದುಬಿತ್ತು ಅಂತ ಹಿಂದಿಯಲ್ಲಿ ಒಂದು ಗಾದೆಯೇ ಇದೆ. ನಮ್ಮ ಕಾರವಾರದವನ ಮನೆಯ ಕೊಂಕಣಿಯಲ್ಲಿ ಶಿಂಕೆಂ. ಫೋಟೋ ನೋಡಿ ಅವನಿಗೆ ಗೊತ್ತಾಗಲಿಲ್ಲ, ಹೆಸರು ಕೇಳಿದ ಮೇಲೆ ಅವನ ಆಯಿ ಉಪ್ಪುಮೀನಿನ ಗಡಿಗೆಯನ್ನು ಬೆಕ್ಕಿಗೆ ಸಿಗದ ಹಾಗೆ ಶಿಂಕೆಯಲ್ಲಿ ಇಡುತ್ತಿದ್ದದ್ದನ್ನು ನೆನಪು ಮಾಡಿಕೊಂಡರಂತೆ. ತೆಲುಗಿನವರು ಉಟ್ಟಿ ಅನ್ನುತ್ತಾರೆ, ತಮಿಳು ಮಲಯಾಳಗಳಲ್ಲಿ ಉರಿ. ಅವು ಬೇರೆ ಬಳ್ಳಿ.

ಇನ್ನು ಅರ್ಥ. ಸಂಸ್ಕೃತದ ಶಿಕ್ಯಕ್ಕೆ ಮನೆಯಲ್ಲಿ ತೂಗುಹಾಕುವ ಹಗ್ಗದ ಬಲೆ ಅನ್ನುವ ಅರ್ಥ ಒಂದೇ ಅಲ್ಲ. ಕಾವಡಿಯ ತುದಿಗೆ ಕಟ್ಟಿದ ಹಗ್ಗವೂ ಶಿಕ್ಯ, ತಕ್ಕಡಿಯ ತಟ್ಟೆ ಹಿಡಿದ ಹಗ್ಗವೂ ಶಿಕ್ಯ. ಅಗ್ನಿಚಯನ ಅನ್ನುವ ವೈದಿಕ ಯಜ್ಞದಲ್ಲಿ ಬೆಂಕಿಯ ಮಡಕೆಯನ್ನು ಯಜಮಾನ ಹೊರುವುದು ಹಗ್ಗದ ಒಂದು ಹೆಣಿಗೆಯಲ್ಲಿ, ಅದರ ಹೆಸರೂ ಶಿಕ್ಯವೇ. ಅಂದರೆ ಹೊರುವುದು ಈ ಮಾತಿನ ಒಳಗೆ ಮೊದಲಿಂದಲೂ ಇದೆ. ಭಟ್ಕಳದ ಅಜ್ಜನ ಮನೆಯ ಬಳಕೆ ಬಹಳ ಹಳೆಯ ಅರ್ಥವನ್ನು ಹಾಗೇ ಉಳಿಸಿಕೊಂಡು ಬಂದಿದೆ. ನನಗೆ ಇದು ತುಂಬ ಖುಷಿ ಕೊಟ್ಟಿತು.

ನೆಲವಿನ ದಾರಿ ಸ್ವಲ್ಪ ಕಷ್ಟ. ಬರಹದಲ್ಲಿ ನೆಲವು, ನೆಲಹು ಎರಡೂ ಸಿಗುತ್ತವೆ. ಬಾಯಲ್ಲಿ ನೆಲ್ವು ಆಗುತ್ತದೆ. ನೆಲಕ್ಕೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ, ಗೆಳತಿಯ ಸುಳಿವು ಬರೀ ಶಬ್ದದ ಆಟ. ನನಗೆ ಇದು ನೇಲು ಕ್ರಿಯಾಪದದ ಮನೆಯದು ಅನ್ನಿಸುತ್ತದೆ. ನೇಲು ಅಂದರೆ ತೂಗಾಡು. ನೇತಾಡು, ನೇತುಹಾಕು ಇವೆಲ್ಲ ಅದರಿಂದ ಬಂದವು. ನೇಲುವಂಥದ್ದು ನೆಲವು. ಹಾಗಾದರೆ ಇದೂ ಹೆರೆಮಣೆ, ಕಡಗೋಲುಗಳ ಹಾಗೆ ಕೆಲಸವನ್ನೇ ಹೆಸರು ಮಾಡಿಕೊಂಡ ಸಾಮಾನು. ಒಂದೇ ಒಂದು ತೊಡಕು ಇದೆ. ಕೆಡು ಕೇಡು, ಬಿಡು ಬೀಡು, ಪಡು ಪಾಡು ಇಲ್ಲೆಲ್ಲ ಕ್ರಿಯಾಪದದ ಮೊದಲ ಅಕ್ಷರ ಗಿಡ್ಡ, ಹೆಸರುಪದದ್ದು ಉದ್ದ. ನೇಲು ನೆಲವುಗಳಲ್ಲಿ ತಿರುಗುಮುರುಗು ಆಗಿದೆ. ಇಲ್ಲಿ ಬಾಲಕ್ಕೆ ವು ಸೇರಿದ್ದರಿಂದ ಮೊದಲ ಅಕ್ಷರ ಗಿಡ್ಡವಾಯಿತಾ? ಹೀಗೆ ಆಗಿರುವ ಬೇರೆ ಮಾತುಗಳು ನಿಮ್ಮ ಗಮನಕ್ಕೆ ಬಂದಿದ್ದರೆ ದಯವಿಟ್ಟು ತಿಳಿಸಿ. ವ್ಯಾಕರಣ ಬಲ್ಲವರು ಈ ಬಳಗದಲ್ಲಿ ಇದ್ದಾರೆ ಅನ್ನುವ ಧೈರ್ಯದಿಂದ ಕೇಳುತ್ತಿದ್ದೇನೆ.

ಅರ್ಥದ ಫರಕು ನನಗೆ ಹೊಳೆದದ್ದು ಅಮ್ಮನ ಮಾತಿನಿಂದ. ಫೋಟೋ ತೋರಿಸಿದೆ. ಅಮ್ಮ ಅದನ್ನು ಹೇಗೆ ಮಾಡುತ್ತಿದ್ದರು ಅಂತ ಶುರು ಮಾಡಿದರು. ಮೊದಲು ಗಡಿಗೆಯ ಅಡಿಗೆ ಸರಿಹೊಂದುವ ಹಾಗೆ ಹಗ್ಗವನ್ನು ಸಿಂಬೆಯ ಹಾಗೆ ಸುತ್ತಿ ಬಿಗಿಯುವುದು. ಅದಕ್ಕೆ ಮೂರೋ ನಾಲ್ಕೋ ಎಳೆ ಸಮ ದೂರದಲ್ಲಿ ಕಟ್ಟುವುದು. ಎಳೆಗಳು ಒಂದಕ್ಕೊಂದು ಸಮ ಇರಬೇಕು, ಇಲ್ಲದಿದ್ದರೆ ಗಡಿಗೆ ವಾಲಿ ಮೊಸರು ಚೆಲ್ಲುತ್ತದೆ. ಮೇಲೆ ಎಲ್ಲವನ್ನೂ ಸೇರಿಸಿ ಕುಣಿಕೆ ಮಾಡಿ ತೊಲೆಯ ಕೊಕ್ಕೆಗೆ ಹಾಕುವುದು. ಗಡಿಗೆಯ ಮೇಲೆ ಗಡಿಗೆ ಇಡಬಹುದು, ಕೆಳಗೆ ದೊಡ್ಡದು, ಮೇಲೆ ಚಿಕ್ಕದು. ಬೆಕ್ಕಿನ ಕಾಟ ಇಲ್ಲ, ಇಲಿಯ ಕಾಟ ಇಲ್ಲ. ಗಾಳಿ ಸುತ್ತ ಆಡುವುದರಿಂದ ಬೆಣ್ಣೆ ಬೇಗ ಹಳಸುವುದಿಲ್ಲ ಅಂತಲೂ ಅಮ್ಮ ಹೇಳಿದರು. ಫ್ರಿಜ್ ಬಂದ ಮೇಲೆ ನಮ್ಮ ಮನೆಯಲ್ಲಿ ಅದು ಇಳಿಯಿತು.

ಇಷ್ಟು ಹೇಳುವಾಗ ಅಮ್ಮ ಒಂದು ಸಲವೂ ನೆಲವಿನಲ್ಲಿ ಅನ್ನಲಿಲ್ಲ. ನೆಲವಿನ ಮೇಲೆ ಇಟ್ಟೆ, ನೆಲವಿನ ಮೇಲಿಂದ ತೆಗೆದೆ, ಹೀಗೇ ಹೇಳಿದರು. ಅಟ್ಟದ ಮೇಲೆ, ಮಣೆಯ ಮೇಲೆ ಅನ್ನುತ್ತೇವಲ್ಲ, ಹಾಗೆ. ಭಟ್ಕಳದವನನ್ನು ಕೇಳಿದೆ. ಅವನು ಸಿಕ್ಕದಲ್ಲಿ ಇಟ್ಟರು, ಸಿಕ್ಕದಿಂದ ತೆಗೆದರು ಅಂದ. ಚೀಲದಲ್ಲಿ, ಬುಟ್ಟಿಯಲ್ಲಿ ಅನ್ನುವ ಹಾಗೆ.

ನನ್ನ ಅನಿಸಿಕೆ ಈ ಸಣ್ಣ ಫರಕಿನ ಮೇಲೆ ನಿಂತಿದೆ. ನೆಲವು ಅಂದರೆ ಮನೆಯೊಳಗಿನ ಒಂದು ಜಾಗ. ಅದು ಹಗ್ಗದಿಂದ ಆಗಿದ್ದರೂ ಅಟ್ಟ, ಮಾಡುಗಳ ಹಾಗೆ ಮನೆಗೆ ಸೇರಿದ್ದು. ಸಿಕ್ಕ ಅಂದರೆ ಹಗ್ಗದಲ್ಲಿ ಹೆಣೆದ ಸಾಮಾನು. ತೊಲೆಗೆ ತೂಗುಹಾಕಿದರೂ ಸಿಕ್ಕ, ಹೆಗಲ ಮೇಲಿನ ಕಾವಡಿಗೆ ಕಟ್ಟಿದರೂ ಸಿಕ್ಕ. ಈ ಲೆಕ್ಕದಲ್ಲಿ ಎಲ್ಲ ನೆಲವೂ ಸಿಕ್ಕವೇ, ಎಲ್ಲ ಸಿಕ್ಕವೂ ನೆಲವಲ್ಲ. ತೊಲೆಯಿಂದ ಇಳಿಸಿ ನೆಲದ ಮೇಲೆ ರಾಶಿ ಹಾಕಿದ ಮೇಲಂತೂ ಅದನ್ನು ಸಿಕ್ಕ ಅನ್ನುವುದೇ ಹೆಚ್ಚು ಸರಿ. ಹಾಗಾಗಿ ಭಟ್ಕಳದ ಗೆಳೆಯನಿಗೆ ಅಂಕ ಸಲ್ಲಬೇಕು ಅಂತ ನಾನು ವಾದ ಮಾಡಿದ್ದೇನೆ. ಶಿರಸಿಯವಳು ಇನ್ನೂ ಒಪ್ಪಿಲ್ಲ. ಒಂದು ಜಿಲ್ಲೆಯ ಮೂರು ನಾಲ್ಕು ಮನೆಯ ಮಾತನ್ನು ನಂಬಿ ತೀರ್ಮಾನ ಮಾಡಬಾರದು ಅನ್ನುತ್ತಾಳೆ. ಆ ಮಾತು ನ್ಯಾಯವಾದದ್ದೇ.

ಆದ್ದರಿಂದ ನಿಮ್ಮ ಸಹಾಯ ಬೇಕು. ಘಟ್ಟದ ಮೇಲಿನವರು, ಅಂದರೆ ಸಿದ್ದಾಪುರ, ಯಲ್ಲಾಪುರ, ಹಳಿಯಾಳ, ಜೋಯಿಡಾ ಕಡೆಯವರು ಏನನ್ನುತ್ತೀರಿ? ಕೆಳಗೆ ಅಂಕೋಲಾ, ಹೊನ್ನಾವರದವರು? ಹಾಲಕ್ಕಿ ಒಕ್ಕಲಿಗರ, ಗೊಂಡರ, ಸಿದ್ದಿಯರ ಮನೆಗಳಲ್ಲಿ ಯಾವ ಮಾತು ಇದೆ ಅಂತ ತಿಳಿದುಕೊಳ್ಳುವ ಆಸೆ ನನಗೆ ಜಾಸ್ತಿ. ಮೇಲೆ ಅನ್ನುತ್ತೀರಾ, ಅಲ್ಲಿ ಅನ್ನುತ್ತೀರಾ ಅನ್ನುವುದನ್ನು ಮರೆಯದೆ ಬರೆಯಿರಿ. ನೆಲವು ಕಟ್ಟುವುದಾ, ಹೆಣೆಯುವುದಾ, ಹಾಕುವುದಾ ಅನ್ನುವುದನ್ನೂ. ಹಿಂದಿಯ ಬೆಕ್ಕಿನ ಗಾದೆಯ ಹಾಗೆ ನೆಲವು ಬರುವ ಕನ್ನಡ ಗಾದೆ ನಿಮ್ಮ ಕಡೆ ಇದ್ದರೆ ಅದನ್ನೂ ಹೇಳಿ. ಮನೆಯಲ್ಲಿ ಹಿರಿಯರು ಇದ್ದರೆ ಅವರನ್ನು ಕೇಳುವಾಗ ಹೆಸರನ್ನು ನೀವೇ ಮೊದಲು ಹೇಳಬೇಡಿ. ಬೆಣ್ಣೆ ಎಲ್ಲಿ ಇಡುತ್ತಿದ್ದಿರಿ ಅಂತ ಕೇಳಿ, ಅವರ ಬಾಯಿಂದ ಬಂದ ಮಾತನ್ನು ಬಂದ ಹಾಗೇ ಬರೆದು ಕಳಿಸಿ.

ಕಾವಡಿ ಹೊತ್ತವರು, ಹೊತ್ತವರನ್ನು ಹತ್ತಿರದಿಂದ ನೋಡಿದವರು ಯಾರಾದರೂ ಇದ್ದರೆ, ಆ ಹಗ್ಗಕ್ಕೆ ನಿಮ್ಮ ಊರಿನ ಹೆಸರು ಯಾವುದು?