ಮೂಳೆಯಿಂದಲೂ ಹಾರ್ಮೋನು ಬರುತ್ತಾ? ಅತ್ತೆಯ ರಿಪೋರ್ಟ್ ನೋಡಿ ತಲೆ ಕೆಟ್ಟಿದೆ

ಬೆಣ್ಣೆದೋಸೆ_ದಾವಣಗೆರೆ
ನಮ್ಮ ಅತ್ತೆಗೆ 69 ವರ್ಷ. ಶುಗರ್ ಬಂದು 17 ವರ್ಷ ಆಯ್ತು, ಜೊತೆಗೆ ಗ್ರೇಡ್ 2 ಫ್ಯಾಟಿ ಲಿವರ್. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು. ಜೋರಾಗಿ ಬಿದ್ದಿದ್ದೇನಲ್ಲ, ಕೈಯಲ್ಲಿದ್ದ ಚೊಂಬು ಕೂಡ ನೆಗ್ಗಲಿಲ್ಲ. ಆದರೆ ಮೂಳೆ ಸಾಂದ್ರತೆ ನೋಡೋ ಡೆಕ್ಸಾ ಸ್ಕ್ಯಾನಿನಲ್ಲಿ ಟಿ ಸ್ಕೋರ್ ಮೈನಸ್ 0.8, ಅಂದರೆ ನಾರ್ಮಲ್!

ನಮ್ಮನೆಯವರು ಯಾವುದೋ ಪ್ಯಾಕೇಜ್ ಟೆಸ್ಟ್ ಮಾಡಿಸಿದ್ದಾರೆ. ಅದರಲ್ಲಿ ಆಸ್ಟಿಯೋಕ್ಯಾಲ್ಸಿನ್ ಕಡಿಮೆ. ಲ್ಯಾಬಿನ ಹುಡುಗ "ಇದು ಮೂಳೆಯ ಹಾರ್ಮೋನು, ಶುಗರ್ ಇಳಿಸುತ್ತೆ, ವಿಟಮಿನ್ ಕೆ2 ಕೊಡಿ" ಅಂದನಂತೆ. ಅತ್ತೆ ಮಾತ್ರ "ಮೂಳೆ ಸಾರಿಗೆ ಬರುತ್ತೆ ಅಂತ ಗೊತ್ತಿತ್ತು ಕಣೇ, ಇದೇನು ಹೊಸದು" ಅಂತ ನಗುತ್ತಿದ್ದಾರೆ. ಮಾತ್ರೆ ತರಲಾ?

ರಿಟೈರ್ಡ್_ಮೇಷ್ಟ್ರು
ಸದ್ಯಕ್ಕೆ ತರಬೇಡಿ ಮೇಡಂ. ಬಯೋಕೆಮಿಸ್ಟ್ರಿ ಪಾಠ ಮಾಡಿದವನು, ಡಾಕ್ಟರಲ್ಲ.

ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ. 2007ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಜೆರಾರ್ಡ್ ಕಾರ್ಸೆಂಟಿ ತಂಡ ಆಸ್ಟಿಯೋಕ್ಯಾಲ್ಸಿನ್ ಇಲ್ಲದ ಇಲಿಗಳನ್ನು ನೋಡಿತು. ಅವು ದಪ್ಪಗಾಗಿದ್ದವು, ಇನ್ಸುಲಿನ್ ಕಡಿಮೆ, ಶುಗರ್ ಜಾಸ್ತಿ. ಮೂಳೆಯೂ ಗ್ರಂಥಿಯೇ ಅಂತ ದೊಡ್ಡ ಸುದ್ದಿ ಆಯ್ತು. 2020ರಲ್ಲಿ ಬೇರೆ ಎರಡು ತಂಡಗಳು ಹೊಸದಾಗಿ ಅಂಥದೇ ಇಲಿಗಳನ್ನು ಮಾಡಿ ನೋಡಿದರೆ ಶುಗರ್ ಸರಿಯಾಗೇ ಇತ್ತು! ಜಗಳ ಇನ್ನೂ ಮುಗಿದಿಲ್ಲ.

ತಮಾಷೆ ಇರೋದು ಕೆ2 ವಿಷಯದಲ್ಲಿ. ಕಾರ್ಸೆಂಟಿ ಲೆಕ್ಕದಲ್ಲಿ ಹಾರ್ಮೋನಿನ ಕೆಲಸ ಮಾಡೋದು ವಿಟಮಿನ್ ಕೆ ತಾಗದ ಆಸ್ಟಿಯೋಕ್ಯಾಲ್ಸಿನ್. ಕೆ ತಾಗಿದ್ದು ಕ್ಯಾಲ್ಸಿಯಂ ಹಿಡಿದು ಮೂಳೆಗೇ ಅಂಟಿಕೊಳ್ಳುತ್ತೆ. ಅಂದ್ಮೇಲೆ ಹುಡುಗನ ಮಾತು ತಿರುಗುಮುರುಗಾಯ್ತು ಅಲ್ವಾ? ಅತ್ತೆ ರಕ್ತ ತೆಳು ಮಾಡೋ ವಾರ್ಫರಿನ್ ತರಹದ ಮಾತ್ರೆ ನುಂಗುತ್ತಿದ್ದರಂತೂ ಕೆ2 ಅಪಾಯ.

ಶುಗರ್ ಇರುವವರಲ್ಲಿ ಹಳೇ ಮೂಳೆ ಕರಗಿ ಹೊಸದು ಕಟ್ಟೋ ಕೆಲಸ ನಿಧಾನ. ಆಸ್ಟಿಯೋಕ್ಯಾಲ್ಸಿನ್ ಕಡಿಮೆ ಇರೋದು ಹೆಚ್ಚಾಗಿ ಅದರ ಗುರುತು. ಜೊತೆಗೆ ಮೂಳೆಯಲ್ಲಿರೋ ಕೊಲಾಜನ್ ಅನ್ನೋ ನಾರಿನಂಥ ಪ್ರೋಟೀನಿಗೆ ಸಕ್ಕರೆ ಅಂಟಿ ಮೂಳೆ ಪೆಡಸಾಗುತ್ತೆ. ಡೆಕ್ಸಾ ಅಳೆಯೋದು ಎಷ್ಟು ಖನಿಜ ಇದೆ ಅಂತ, ಪೆಡಸು ಅದಕ್ಕೆ ಕಾಣಲ್ಲ. ನಾರ್ಮಲ್ ಅಂತ ನಂಬಿ ಕೂರಬೇಡಿ.

ಅಮ್ಮನ_ಮಗ_ಹಾಸನ
ಮೇಡಂ, ಶುಗರ್ ಮಾತ್ರೆಯ ಹಾಳೆ ತಿರುಗಿಸಿ ನೋಡಿ. ಪಯೋಗ್ಲಿಟಜೋನ್ ಇದೆಯಾ? ನಮ್ಮಮ್ಮನಿಗೂ ಫ್ಯಾಟಿ ಲಿವರ್ ಇದೆ ಅಂತ ಅದನ್ನೇ ಕೊಟ್ಟಿದ್ದರು. ಲಿವರಿಗೆ ಒಳ್ಳೇದೇ. ಆದರೆ ಮಜ್ಜೆಯಲ್ಲಿ ಮೂಳೆಯಾಗಬೇಕಾದ ಕೋಶಗಳನ್ನು ಕೊಬ್ಬಿನ ಕಡೆ ಎಳೆಯುತ್ತೆ. ಹೆಂಗಸರಲ್ಲಿ ಕೈಕಾಲಿನ ಮೂಳೆ ಮುರಿಯೋದು ಜಾಸ್ತಿ. ಅಮ್ಮನದು ಪಾದ ಮುರಿಯಿತು, ಆಮೇಲೇ ಗೊತ್ತಾಗಿದ್ದು. ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ಕೇಳಿ.

ಬೆಣ್ಣೆದೋಸೆ_ದಾವಣಗೆರೆ
ಇದೆ! ಮೂರು ಔಷಧಿ ಸೇರಿದ ಮಾತ್ರೆ: ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಪಯೋಗ್ಲಿಟಜೋನ್ 15. ಕೈಗೆ ಪ್ಲಾಸ್ಟರ್ ಹಾಕಿದ ಡಾಕ್ಟರು ಶುಗರ್ ಚೀಟಿ ನೋಡಿಲ್ಲ, ಶುಗರ್ ಡಾಕ್ಟರಿಗೆ ಕೈ ಮುರಿದಿದ್ದೇ ಗೊತ್ತಿಲ್ಲ. ಸೋಮವಾರ ಎರಡೂ ಫೈಲು ಹಿಡ್ಕೊಂಡು ಹೋಗ್ತೀವಿ.

ರಿಟೈರ್ಡ್_ಮೇಷ್ಟ್ರು
ರಾತ್ರಿ ಶುಗರ್ ಇಳಿದು ತಲೆ ತಿರುಗುತ್ತಾ ಅಂತಲೂ ಹೇಳಿ, ಗ್ಲಿಮೆಪಿರೈಡ್‌ನಿಂದ ಹಾಗಾಗಬಹುದು. ಬಚ್ಚಲಿಗೆ ರಬ್ಬರ್ ಮ್ಯಾಟ್ ಹಾಕಿದ್ರಾ?

ಬೆಣ್ಣೆದೋಸೆ_ದಾವಣಗೆರೆ
ಹಾಕಿದ್ದೆ ಮೇಷ್ಟ್ರೇ. ಪಾಚಿ ಕಟ್ಟುತ್ತೆ ಅಂತ ಅತ್ತೆ ಅದನ್ನು ಎತ್ತಿ ಒಣಗಿ ಹಾಕಿದ್ದಾರೆ, ಒಂದೇ ಕೈಯಲ್ಲಿ.