ಸಂಪು ತೊಳೆದರೂ ಪರೀಕ್ಷಾ ಬಾಟಲಿಯ ನೀರು ಮತ್ತೆ ಕಪ್ಪಾಗುತ್ತಿದೆ

ಪ್ರಶ್ನೆ (ಧಾರವಾಡದಿಂದ):
ನಮಸ್ಕಾರ. ನಮ್ಮ ಬಡಾವಣೆಗೆ ನಳದ ನೀರು ಕೆಲವು ದಿನಗಳಿಗೊಮ್ಮೆ ಬರುವುದರಿಂದ ಸಂಪಿನಲ್ಲಿ ತುಂಬಿಸಿಕೊಂಡು ಬಳಸುತ್ತೇವೆ. ನೀರು ತಿಳಿಯಾಗಿದೆ, ವಾಸನೆಯೂ ಇಲ್ಲ. ಆದರೂ ಕುಡಿಯುವ ನೀರಿನಲ್ಲಿ ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗಿ ತೋರಿಸುವ ಎಚ್‌ಟುಎಸ್ ಪರೀಕ್ಷಾ ಬಾಟಲಿಗೆ ಹಾಕಿಟ್ಟ ನೀರು ಮರುದಿನವೇ ಕಪ್ಪಾಯಿತು. ಸಂಪು ತಿಕ್ಕಿ ತೊಳೆದು, ಬ್ಲೀಚಿಂಗ್ ಪುಡಿ ಹಾಕಿ, ಖಾಲಿ ಮಾಡಿ ಹೊಸದಾಗಿ ತುಂಬಿಸಿದ ಮೇಲೂ ಹಾಗೆಯೇ ಆಯಿತು. ಮನೆಯಲ್ಲಿ ಚಿಕ್ಕ ಮಗುವಿದೆ. ದೋಷ ಎಲ್ಲಿದೆ?

ಉತ್ತರ (ಗದಗದಿಂದ):
ಕಾರಣ ತಿಳಿಯುವವರೆಗೆ ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿಯೇ ಬಳಸಿರಿ. ತಿಳಿಯಾಗಿದೆ ಎಂಬ ಕಾರಣಕ್ಕೆ ನಂಬಬೇಡಿ. ಬಾಟಲಿಯ ಪರೀಕ್ಷೆ ಮೊದಲ ಎಚ್ಚರಿಕೆ ಮಾತ್ರ. ಕೆಲವು ಬ್ಯಾಕ್ಟೀರಿಯಾಗಳು ಬಿಡುವ ಹೈಡ್ರೋಜನ್ ಸಲ್ಫೈಡ್ (ಎಚ್‌ಟುಎಸ್) ಅನಿಲವು ಬಾಟಲಿಯಲ್ಲಿರುವ ಕಬ್ಬಿಣದ ಲವಣದೊಂದಿಗೆ ಸೇರಿ ಆ ಕಪ್ಪು ಬಣ್ಣ ಬರುತ್ತದೆ, ಆದರೆ ಅಂಥವು ಮಲದಿಂದಲೇ ಬಂದಿರಬೇಕೆಂದಿಲ್ಲ. ಆದ್ದರಿಂದ ಪ್ರಯೋಗಾಲಯದಲ್ಲಿ ಒಟ್ಟು ಕೋಲಿಫಾರ್ಮ್ (ಒಂದು ಬ್ಯಾಕ್ಟೀರಿಯಾ ಗುಂಪು) ಮತ್ತು ಆ ಗುಂಪಿನದೇ ಆದ ಇ. ಕೋಲಿ ಎರಡರ ಪರೀಕ್ಷೆಯನ್ನೂ ಬೇರೆ ಬೇರೆಯಾಗಿ ಕೇಳಿರಿ. ಕೋಲಿಫಾರ್ಮ್ ಗುಂಪಿನ ಕೆಲವು ಜೀವಿಗಳು ಮಣ್ಣಿನಲ್ಲಿಯೂ ಎಲೆಗಳ ಮೇಲೆಯೂ ಬದುಕುತ್ತವೆ, ಇ. ಕೋಲಿಯ ನೆಲೆ ಮಾತ್ರ ಮನುಷ್ಯರ ಮತ್ತು ಪ್ರಾಣಿಗಳ ಕರುಳು. ಅದು ಕಂಡರೆ ಮಲದ ಅಂಶ ಎಲ್ಲೋ ಸೇರುತ್ತಿದೆ ಎಂದೇ ತಿಳಿಯಬೇಕು. ಕುಡಿಯುವ ನೀರಿಗಾಗಿರುವ ಭಾರತೀಯ ಮಾನದಂಡ ಐಎಸ್ 10500ರಂತೆ 100 ಮಿ.ಲೀ. ಕುಡಿಯುವ ನೀರಿನಲ್ಲಿ ಇವೆರಡೂ ಪತ್ತೆಯಾಗಕೂಡದು.

ನನ್ನ ಅನುಮಾನ ಸಂಪಿಗಿಂತ ಪೈಪಿನ ಮೇಲೆ ಹೆಚ್ಚು. ಸರಬರಾಜು ನಿಂತಾಗ ಪೈಪಿನೊಳಗಿನ ಒತ್ತಡ ಇಳಿದು, ಬಿರುಕುಗಳ ಮೂಲಕ ಸುತ್ತಲಿನ ಕೊಳಕು ಒಳಗೆ ಜಿನುಗುತ್ತದೆ. ನೀರು ಬಿಟ್ಟ ಕೂಡಲೇ ಅದೆಲ್ಲ ನಿಮ್ಮ ನಳಕ್ಕೆ ಬರುತ್ತದೆ. ಹುಬ್ಬಳ್ಳಿ-ಧಾರವಾಡದ ನಳಗಳಲ್ಲಿಯೇ ಇದನ್ನು ಅಳೆದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಗಿದೆ. ನೀರು ಬಂದ ಕೂಡಲೇ ಒಂದು ಮಾದರಿ, ಅರ್ಧ ಗಂಟೆಯ ನಂತರ ಇನ್ನೊಂದು, ಸಂಪಿನಿಂದ ಮತ್ತೊಂದು ತೆಗೆಯಿರಿ. ಪ್ರಯೋಗಾಲಯ ಕೊಡುವ ಬಾಟಲಿಯನ್ನೇ ಬಳಸಿರಿ, ಅದನ್ನು ತೊಳೆಯಬೇಡಿ: ಅದರಲ್ಲಿರುವ ಸೋಡಿಯಂ ಥಯೋಸಲ್ಫೇಟ್ ಕ್ಲೋರಿನ್ನಿನ ಪ್ರಭಾವವನ್ನು ನಿಲ್ಲಿಸದಿದ್ದರೆ, ದಾರಿಯಲ್ಲಿಯೇ ಬ್ಯಾಕ್ಟೀರಿಯಾ ಸತ್ತು ವರದಿ ಸುಳ್ಳಾಗಬಹುದು.

ಪ್ರಶ್ನೆ ಕೇಳಿದವರು:
ವರದಿ ಬಂದಿದೆ. ಮೊದಲು ಬಂದ ನೀರಿನಲ್ಲಿ ಮತ್ತು ಸಂಪಿನಲ್ಲಿ ಇ. ಕೋಲಿ ಇದೆ, ಅರ್ಧ ಗಂಟೆಯ ನಂತರದ ನೀರಿನಲ್ಲಿ ಇಲ್ಲ. ನಮ್ಮ ಮನೆಯ ಸಂಪರ್ಕದ ಪೈಪು ಗಟಾರದೊಳಗಿಂದಲೇ ಹಾದುಬಂದಿದೆ.

ಉತ್ತರ (ಗದಗದಿಂದ):
ಹಾಗಾದರೆ ಗಟಾರದೊಳಗಿನ ಆ ತುಂಡನ್ನು ಮೊದಲು ಬದಲಾಯಿಸಿ, ಪೈಪನ್ನು ಗಟಾರದ ಮೇಲಿನಿಂದ ತರಿಸಿರಿ. ಅಲ್ಲಿಯವರೆಗೆ ಮೊದಲ ನೀರನ್ನು ಸಂಪಿಗೆ ಬಿಡಬೇಡಿ. ಪೈಪು ಸರಿಯಾದ ಮೇಲೆ ಸಂಪನ್ನು ಇನ್ನೊಮ್ಮೆ ಕ್ಲೋರಿನ್ನಿನಿಂದ ಶುದ್ಧಗೊಳಿಸಿ, ನಳದಲ್ಲಿ ಉಳಿಕೆ ಕ್ಲೋರಿನ್ (ನೀರಿನಲ್ಲಿ ಇನ್ನೂ ಉಳಿದಿರುವ ಕ್ಲೋರಿನ್) ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಇದೆಯೇ ಎಂದು ನೋಡಿರಿ. ಅಕ್ಕಪಕ್ಕದ ಮನೆಗಳ ಮೊದಲ ನೀರನ್ನೂ ಪರೀಕ್ಷಿಸಿದರೆ ಒಳ್ಳೆಯದು, ಅವರಲ್ಲಿಯೂ ಇ. ಕೋಲಿ ಕಂಡರೆ ಸೋರಿಕೆ ಬೀದಿಯ ಪೈಪಿನಲ್ಲಿಯೂ ಇರಬಹುದಾದ್ದರಿಂದ, ಎಲ್ಲ ವರದಿಗಳನ್ನು ಲಗತ್ತಿಸಿ ನೀರು ಸರಬರಾಜು ಕಚೇರಿಗೆ ಲಿಖಿತ ದೂರು ಕೊಡಿರಿ.