ಡೈಕ್ಲೋಫೆನಾಕ್ ಹಿಡಿಯದ ಬೆಂಟೋನೈಟ್: ಸಿಟ್ಯಾಬ್ ಎಷ್ಟು ಹಾಕಬೇಕು?

ಬದಿಯಡ್ಕ_ರಸಾಯನ:
ಎಂಎಸ್ಸಿ ಪ್ರಾಜೆಕ್ಟಿಗೆ ಬೆಂಟೋನೈಟ್ (ನೀರಲ್ಲಿ ಉಬ್ಬುವ ಜೇಡಿಮಣ್ಣು) ಬಳಸಿ ನೀರಿನಿಂದ ಔಷಧದ ಅಂಶ ತೆಗೆಯುವ ಪ್ರಯೋಗ ನಡೀತಾ ಉಂಟು. ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕನ್ನು ಮಣ್ಣು ಚೆನ್ನಾಗಿ ಹಿಡೀತದೆ. ನೋವಿನ ಔಷಧ ಡೈಕ್ಲೋಫೆನಾಕ್ ಮಾತ್ರ ಹಾಕಿದಷ್ಟೂ ನೀರಲ್ಲೇ ಉಳೀತದೆ. ಸಿಟ್ಯಾಬ್ (CTAB, ಧನಾವೇಶವಿರುವ ಸಾಬೂನಿನಂಥ ರಾಸಾಯನಿಕ) ಸೇರಿಸಿ ಮಣ್ಣನ್ನು ಮಾರ್ಪಡಿಸಬೇಕು ಅಂತ ಗೊತ್ತು, ಆದರೆ 10 ಗ್ರಾಂ ಮಣ್ಣಿಗೆ ಎಷ್ಟು, ಹೇಗೆ? ಬೆಂಟೋನೈಟ್ ತರಿಸುವ ಬದಲು ಇಲ್ಲಿ ಮುರಕಲ್ಲಿನ ಅಡಿಯಲ್ಲಿ ಸಿಗುವ ಬಿಳಿ ಜೇಡಿಮಣ್ಣು ಆಗದಾ? ಪಿಎಚ್ 4ಕ್ಕೆ ಇಳಿಸಿದರೆ ಮಾರ್ಪಡಿಸದ ಮಣ್ಣಿನಲ್ಲೂ ಡೈಕ್ಲೋಫೆನಾಕ್ ಒಮ್ಮೆಲೇ ಕಡಿಮೆಯಾಗ್ತದೆ. ಅದನ್ನು ನಂಬಬಹುದಾ?

ಮಣ್ಣಿನ_ಪದರ:
ಕೊನೆಯದಕ್ಕೆ ಮೊದಲು ಉತ್ತರ: ನಂಬಬೇಡಿ. ಡೈಕ್ಲೋಫೆನಾಕಿನ ಪಿಕೆಎ (ಅದರ ಅರ್ಧ ಭಾಗ ಆಮ್ಲರೂಪದಲ್ಲಿರುವ ಪಿಎಚ್) 4ರ ಆಸುಪಾಸು. ಆಮ್ಲ ಹಾಕಿದ ಕೂಡಲೇ ಅದು ಕರಗದ ಆಮ್ಲರೂಪಕ್ಕೆ ತಿರುಗಿ ತಳಕ್ಕೆ ಕೂರ್ತದೆ. ಅದೇ ದ್ರಾವಣವನ್ನು ಮಣ್ಣು ಹಾಕದೆ ಅದೇ ಪಿಎಚ್‌ನಲ್ಲಿ ಇಟ್ಟು ನೋಡಿ, ಅಲ್ಲಿಯೂ ಕಡಿಮೆಯಾಗಿರ್ತದೆ.

ಪಿಎಚ್ 7ರಲ್ಲಿ ಡೈಕ್ಲೋಫೆನಾಕ್ ಋಣ ಅಯಾನು. ಬೆಂಟೋನೈಟಿನ ಮುಖ್ಯ ಖನಿಜವಾದ ಮಾಂಟ್ಮೊರಿಲೊನೈಟಿನ ಪದರದಲ್ಲಿ ಅಲ್ಯೂಮಿನಿಯಂ ಇರಬೇಕಾದ ಕಡೆ ಮೆಗ್ನೀಷಿಯಂ ಕೂತಿರುವುದರಿಂದ ಪದರವೂ ಋಣವೇ. ಎರಡೂ ಒಂದನ್ನೊಂದು ತಳ್ಳುವಾಗ ಎಷ್ಟು ಮಣ್ಣು ಹಾಕಿದರೂ ಪ್ರಯೋಜನ ಇಲ್ಲ. ಸಿಪ್ರೊಫ್ಲಾಕ್ಸಾಸಿನಿಗೆ ಧನಾವೇಶದ ಅಮೀನ್ ಉಂಟು, ಹಾಗಾಗಿ ಪದರದ ನಡುವೆ ಸೋಡಿಯಂ ಇದ್ದ ಜಾಗಕ್ಕೆ ಹೋಗಿ ಕೂರ್ತದೆ.

ಊರಿನ ಬಿಳಿ ಮಣ್ಣು ಹೆಚ್ಚಾಗಿ ಕಯೊಲಿನೈಟ್. ಅದರ ಕ್ಯಾಟಯಾನ್ ವಿನಿಮಯ ಸಾಮರ್ಥ್ಯ (ಧನ ಅಯಾನುಗಳನ್ನು ಹಿಡಿದು ಬದಲಿಸುವ ಶಕ್ತಿ) 100 ಗ್ರಾಮಿಗೆ 3ರಿಂದ 15 ಮಿಲಿ ಈಕ್ವಿವಲೆಂಟ್, ಬೆಂಟೋನೈಟಿನದ್ದು ಸಾಮಾನ್ಯವಾಗಿ 80ರಿಂದ 120. ಕಯೊಲಿನೈಟಿನ ಪದರ ಬಿಚ್ಚಿಕೊಳ್ಳುವುದೂ ಇಲ್ಲ. ಹೋಲಿಕೆಗೆ ಒಂದು ಸ್ಯಾಂಪಲ್ ಇಟ್ಟುಕೊಳ್ಳಿ, ಮುಖ್ಯ ಕೆಲಸಕ್ಕೆ ಕಛ್ ಅಥವಾ ಬಾಡ್ಮೇರ್ ಕಡೆಯ ಬೆಂಟೋನೈಟೇ ಆಗಬೇಕು.

ಚೀಲದ ಮೇಲೆ ಬರೆದ ಸಾಮರ್ಥ್ಯವನ್ನು ಹಾಗೇ ತೆಗೊಳ್ಳಬೇಡಿ, ಮೆಥಿಲೀನ್ ಬ್ಲೂ ಹಾಕಿ ಅಳೆಯಿರಿ. ಲೀಟರಿಗೆ 3.74 ಗ್ರಾಂ ಮೆಥಿಲೀನ್ ಬ್ಲೂ ಟ್ರೈಹೈಡ್ರೇಟ್ ಕರಗಿಸಿದರೆ 1 ಮಿಲೀ ಅಂದರೆ 0.01 ಮಿಲಿ ಈಕ್ವಿವಲೆಂಟ್. ಒಣಗಿಸಿದ 0.5 ಗ್ರಾಂ ಮಣ್ಣನ್ನು ನೀರಲ್ಲಿ ಚೆನ್ನಾಗಿ ಕದಡಿ, ಸ್ವಲ್ಪ ಸ್ವಲ್ಪವೇ ಬ್ಲೂ ಸೇರಿಸಿ, ಪ್ರತಿ ಸಲ ಗಾಜಿನ ಕಡ್ಡಿಯಿಂದ ಒಂದು ಹನಿಯನ್ನು ಫಿಲ್ಟರ್ ಪೇಪರಿಗೆ ಇಡಿ. ಮೊದಲೆಲ್ಲ ಕಡುನೀಲಿ ಚುಕ್ಕೆ, ಸುತ್ತ ಬಣ್ಣವಿಲ್ಲದ ಒದ್ದೆ. ಸಾಮರ್ಥ್ಯ ತುಂಬಿದಾಗ ಚುಕ್ಕೆಯ ಸುತ್ತ ತಿಳಿ ಹಸಿರುನೀಲಿ ಬಳೆ ಏಳ್ತದೆ. ಎರಡು ನಿಮಿಷ ಕಲಕಿ ಮತ್ತೆ ಹನಿ ಇಡಿ. ಬಳೆ ಮಾಯವಾದರೆ ಇನ್ನೂ ಬ್ಲೂ ಬೇಕು. 0.5 ಗ್ರಾಮಿಗೆ ಹೋದ ಮಿಲೀಯ ಎರಡು ಪಟ್ಟೇ ನಿಮ್ಮ ಸಂಖ್ಯೆ: 45 ಮಿಲೀ ಹೋದರೆ 90.

ಚಂದ್ರಗಿರಿ_ತೀರ:
ಸಿಟ್ಯಾಬಿನ ಲೆಕ್ಕ ಹೇಳ್ತೇನೆ. ಸಾಮರ್ಥ್ಯ 90 ಅಂದರೆ 10 ಗ್ರಾಮಿನಲ್ಲಿ 9 ಮಿಲಿಮೋಲ್ ಜಾಗ. ಸಿಟ್ಯಾಬಿನ ಅಣುತೂಕ 364.5. ಸಾಮರ್ಥ್ಯದ ಒಂದು ಪಟ್ಟಿಗೆ 3.28 ಗ್ರಾಂ, ಒಂದೂವರೆ ಪಟ್ಟಿಗೆ 4.92 ಗ್ರಾಂ. ಒಂದು ಪಟ್ಟಿನಲ್ಲಿ ಪದರದ ಋಣಾವೇಶ ಸರಿದೂಗಿ ಮಣ್ಣು ಎಣ್ಣೆಸ್ವಭಾವಕ್ಕೆ ಬರ್ತದೆ, ಕಾರ್ಬಮಜೆಪಿನ್‌ನಂಥ ಆವೇಶವಿಲ್ಲದ ಔಷಧಕ್ಕೆ ಅಷ್ಟು ಸಾಕು. ಋಣ ಅಯಾನು ಹಿಡಿಯಲು ಮೇಲ್ಮೈ ಧನಕ್ಕೆ ತಿರುಗಬೇಕು, ಅದಕ್ಕೆ ಒಂದು ಪಟ್ಟು ದಾಟಬೇಕು. 1, 1.25, 1.5 ಮೂರನ್ನೂ ಮಾಡಿ ನೋಡಿ. ಎರಡು ಪಟ್ಟಿಗೆ ಹೋಗಬೇಡಿ, ಹೆಚ್ಚಿನದು ಸಡಿಲವಾಗಿ ಕೂತು ನೀರಿಗೆ ಬಿಡ್ತದೆ.

ಕ್ಯಾಲ್ಸಿಯಂ ಬೆಂಟೋನೈಟ್ ಆದರೆ ಮೊದಲು 1 ಮೋಲಾರ್ ಉಪ್ಪುನೀರಲ್ಲಿ (ಲೀಟರಿಗೆ 58.5 ಗ್ರಾಂ) ಮೂರು ಸಲ ಕಲಕಿ ಸೋಡಿಯಂ ರೂಪಕ್ಕೆ ತನ್ನಿ. ಡಿಸ್ಟಿಲ್ಡ್ ನೀರಲ್ಲಿ ತೊಳೀತಾ, ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿ. ಬಿಳಿ ಮೊಸರಿನ ಹಾಗೆ ಒಡೆಯುವುದು ನಿಂತ ಮೇಲೆ ಮುಂದೆ ಹೋಗಿ. ನಲ್ಲಿ ನೀರಲ್ಲೇ ಕ್ಲೋರೈಡ್ ಇರುವುದರಿಂದ ಅದರಲ್ಲಿ ತೊಳೆದರೆ ಈ ಪರೀಕ್ಷೆ ಮುಗಿಯುವುದೇ ಇಲ್ಲ.

10 ಗ್ರಾಂ ಮಣ್ಣನ್ನು 500 ಮಿಲೀ ನೀರಲ್ಲಿ ರಾತ್ರಿಯಿಡೀ ಉಬ್ಬಲು ಬಿಡಿ. ಸಿಟ್ಯಾಬನ್ನು ಬೇರೆಯೇ 60 ಡಿಗ್ರಿ ಬಿಸಿನೀರಲ್ಲಿ ಕರಗಿಸಿ. ತಣ್ಣೀರಲ್ಲಿ ಹರಳು ಕಟ್ತದೆ. ಕಲಕುತ್ತಲೇ ಹನಿಹನಿಯಾಗಿ ಸೇರಿಸಿ, 60 ಡಿಗ್ರಿಯಲ್ಲಿ ಮೂರು ಗಂಟೆ ತಿರುಗಲಿ. ಒಮ್ಮೆಲೇ ಸುರಿದರೆ ಹೊರಗೆಲ್ಲ ಗಂಟುಕಟ್ಟಿ ಒಳಗಿನ ಮಣ್ಣು ಹಾಗೇ ಉಳೀತದೆ. ಸೋಸಿ, ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದಾಗ ಬ್ರೋಮೈಡಿನ ನಸುಹಳದಿ ಬಾರದಿರುವವರೆಗೆ ಬಿಸಿನೀರಲ್ಲಿ ತೊಳೆದು, 60 ಡಿಗ್ರಿಯಲ್ಲಿ ಒಣಗಿಸಿ 200 ಮೆಶ್ ಜರಡಿ ಹಿಡಿಯಿರಿ. ಸರಿಯಾಗಿ ಆದ ಪುಡಿ ನೀರಿಗೆ ಹಾಕಿದರೆ ಬೂದಿಯ ಹಾಗೆ ಮೇಲೆ ತೇಲ್ತದೆ. ಎಕ್ಸ್‌ಆರ್‌ಡಿ (ಎಕ್ಸ್-ಕಿರಣದಿಂದ ಪದರ ಅಳೆಯುವ ವಿಧಾನ) ಸಿಕ್ಕಿದರೆ ಪದರದ ಅಂತರ 12.5 ಆಂಗ್‌ಸ್ಟ್ರಾಂನಿಂದ ಸುಮಾರು 18ಕ್ಕೋ ಅದಕ್ಕಿಂತ ಮೇಲೋ ಏರಿರಬೇಕು.

ಮಣ್ಣಿನ_ಪದರ:
ಪರೀಕ್ಷೆಗೆ 20 ಮಿಗ್ರಾಂ/ಲೀ ದ್ರಾವಣ 50 ಮಿಲೀ, ಮಣ್ಣು 50 ಮಿಗ್ರಾಂ, ಪಿಎಚ್ 7, ಶೇಕರಿನಲ್ಲಿ 24 ಗಂಟೆ. ಬಾಟ್ಲಿ ಕಂದುಬಣ್ಣದ್ದೇ ಇರಲಿ, ಡೈಕ್ಲೋಫೆನಾಕ್ ಬೆಳಕಿಗೆ ಒಡೀತದೆ. ಯುವಿ ಉಪಕರಣದಲ್ಲಿ 276 ನ್ಯಾನೋಮೀಟರಿನಲ್ಲಿ ಓದುವ ಮೊದಲು ಚೆನ್ನಾಗಿ ಸೆಂಟ್ರಿಫ್ಯೂಜ್ ಮಾಡಿ, ಸಣ್ಣ ಕಣ ಉಳಿದರೆ ರೀಡಿಂಗ್ ಏರ್ತದೆ. ನೈಲಾನ್ ಸಿರಿಂಜ್ ಫಿಲ್ಟರ್ ಬೇಡ, ಅದೇ ಔಷಧವನ್ನು ಹೀರಿಕೊಂಡು ಮಣ್ಣಿಗೆ ಸಲ್ಲದ ಹೆಸರು ತರ್ತದೆ. ಔಷಧವಿಲ್ಲದೆ ಮಣ್ಣು ಮಾತ್ರ, ಮಣ್ಣಿಲ್ಲದೆ ಔಷಧ ಮಾತ್ರ, ಈ ಎರಡು ಬಾಟ್ಲಿ ಇಲ್ಲದ ಶೇಕಡಾ ಲೆಕ್ಕವನ್ನು ಯಾರಿಗೂ ತೋರಿಸಬೇಡಿ. 20 ಇದ್ದದ್ದು 4ಕ್ಕೆ ಇಳಿದರೆ ಹೀರಿಕೆ ಗ್ರಾಮಿಗೆ 16 ಮಿಗ್ರಾಂ.

ಬದಿಯಡ್ಕ_ರಸಾಯನ:
ಉಪಕಾರ ಆಯ್ತು. ಹೊಳೆನೀರಲ್ಲಿ, ಬಾವಿನೀರಲ್ಲಿ ಇದೇ ಫಲ ಬರ್ತದಾ? ಮಣ್ಣು ತುಂಬಿ ನೀರು ಹರಿಸುವ ಕಾಲಮ್ (ಕೊಳವೆ) ಕಟ್ಟಬಹುದಾ?

ಚಂದ್ರಗಿರಿ_ತೀರ:
ಇಷ್ಟೇ ಬರುವುದಿಲ್ಲ ಮಾರಾಯ್ರೆ. ಎಲೆ ಕೊಳೆತ ಹ್ಯೂಮಿಕ್ ಆಮ್ಲವೂ ಋಣವೇ, ಅದು ಮೊದಲು ಹೋಗಿ ಜಾಗ ಹಿಡೀತದೆ. ಬೇಸಿಗೆಯಲ್ಲಿ ಹೊಳೆಗೆ ಉಪ್ಪುನೀರು ಏರಿದಾಗ ಕ್ಲೋರೈಡೂ ಪೈಪೋಟಿಗೆ ಬರ್ತದೆ. ಮುರಕಲ್ಲಿನ ಬಾವಿನೀರು ತುಸು ಹುಳಿ, ಹಾಗಾಗಿ ಪಿಎಚ್ ಅಳೆದು ಬರೆದಿಡಿ. ಅಂಥ ನೀರಲ್ಲಿ ಔಷಧ ನ್ಯಾನೋಗ್ರಾಂ, ಮೈಕ್ರೋಗ್ರಾಂ ಮಟ್ಟದಲ್ಲಿರುವಾಗ ಯುವಿಯಿಂದ ಏನೂ ಕಾಣುವುದಿಲ್ಲ, ಎಲ್‌ಸಿ-ಎಂಎಸ್ ಎಂಬ ಸೂಕ್ಷ್ಮ ಉಪಕರಣ ಬೇಕು.

ಪುಡಿಯನ್ನೇ ಕಾಲಮಿಗೆ ತುಂಬಿದರೆ ನೀರು ಇಳಿಯುವುದೇ ಇಲ್ಲ. ತೊಳೆದ ಮರಳಿನೊಟ್ಟಿಗೆ ತೂಕದಲ್ಲಿ 1ಕ್ಕೆ 9ರಂತೆ ಬೆರೆಸಿ ಶುರುಮಾಡಿ. ಎರಡೂ ಔಷಧ ಇರುವ ನೀರಿಗೆ ಮೊದಲು ಮಾರ್ಪಡಿಸದ ಮಣ್ಣಿನಲ್ಲಿ ಕಲಕಿ ಸಿಪ್ರೊಫ್ಲಾಕ್ಸಾಸಿನ್ ತೆಗೆದು, ಆಮೇಲೆ ಸಿಟ್ಯಾಬ್ ಮಣ್ಣಿಗೆ ಕೊಡಿ. ಸಿಟ್ಯಾಬ್ ಕೂತ ಮೇಲೆ ಸಿಪ್ರೊಫ್ಲಾಕ್ಸಾಸಿನಿಗೆ ಜಾಗ ಕಡಿಮೆ.

ಹೊರಬಂದ ನೀರನ್ನು ಬಾಟ್ಲಿಗೆ ತುಂಬಿ ಜೋರಾಗಿ ಕುಲುಕಿ. ನೊರೆ ನಿಂತರೆ ಸಿಟ್ಯಾಬ್ ಬಿಡ್ತಾ ಉಂಟು ಎಂದರ್ಥ, ಅದು ಮೀನಿಗೆ ವಿಷ. ನೊರೆ ಬಾರದಿದ್ದ ಮಾತ್ರಕ್ಕೆ ಶುದ್ಧ ಅಂತಲ್ಲ, ಕೊನೆಗೆ ಸಕ್ರಿಯ ಇದ್ದಿಲಿನ ಒಂದು ಪದರ ಇಡಿ. ಮನೆಯ ಕುಡಿಯುವ ನೀರಿಗೆ ಈ ಮಣ್ಣು ಬೇಡವೇ ಬೇಡ. ಬಳಸಿದ ಮಣ್ಣಿನಲ್ಲಿ ಔಷಧವೂ ಸಿಟ್ಯಾಬೂ ಎರಡೂ ಇರ್ತದೆ, ತೋಟಕ್ಕೂ ತೋಡಿಗೂ ಹಾಕಬಾರದು. ಮುಚ್ಚಳದ ಡಬ್ಬದಲ್ಲಿ ಹೆಸರು ಬರೆದಿಟ್ಟು ಲ್ಯಾಬಿನ ಅಪಾಯಕಾರಿ ತ್ಯಾಜ್ಯದೊಟ್ಟಿಗೆ ಕಳಿಸಿ.